ಟಕೆಟ್ ಅಮ್ಮಾವ್ರ ಅಪ್ಪಣೆ

ಮರ್ವಿನ್ ಟಕೆಟ್‌ನನ್ನು ದೇವರು ಐದಡಿ ನಾಲ್ಕಂಗುಲಕ್ಕೇ ಯಾಕೆ ನಿಲ್ಲಿಸಿಬಿಟ್ಟ ಎಂಬುದು ಐವತ್ತೇಳು ವರ್ಷ ಯಾರಿಗೂ ತಿಳಿಯದ ಗುಟ್ಟಾಗಿತ್ತು. ಟಿಡ್‌ಬರಿ ಊರಲ್ಲಿ ಬೀಡುಬಿಟ್ಟಿದ್ದ ಅಶ್ವದಳದಲ್ಲಿ, ಅಧಿಕಾರಿಗಳ ಊಟದ ಮನೆಗೆ ಅವನು ಉಗ್ರಾಣದವನು. ಮೇಲಿನ ಗೂಡಿನ ಸೂಪು ಬಟ್ಟಲು ತೆಗೆಯಲು ಮುಕ್ಕಾಲಿ ಬೇಕು. ಮುಕ್ಕಾಲಿ ಹತ್ತಿದರೆ ತಲೆ ಸುತ್ತು. ಹೀಗೆ ಹತ್ತುತ್ತ, ಇಳಿಯುತ್ತ, ಹತ್ತಿದ್ದು ಯಾಕೆಂದು ಮರೆತು ಮತ್ತೆ ಹತ್ತುತ್ತ ಇಪ್ಪತ್ತೊಂದು ವರ್ಷ ಕಳೆದಿದ್ದ. ಒಂದು ಕಡೆ ನಿಂತು ಗೊತ್ತಿಲ್ಲದ ಜೀವ ಅದು. ಅರಮನೆಯಿಂದ ಕಾಗದ ಬಂದ ದಿನ ದೇವರ ಲೆಕ್ಕಾಚಾರ ಬಯಲಾಯಿತು.

ಕಾಗದದ ಸಾರಾಂಶ ಇಷ್ಟು. ದೊರೆಯ ಹಿರಿಯ ಮಗಳು, ಮುಂದೆ ಸಿಂಹಾಸನ ಏರಬೇಕಾದ ರಾಜಕುಮಾರಿ ಹೆನ್ರಿಯೆಟ್ಟಾ, ವೆಸ್ಟ್‌ಮೂರ್ ಅಶ್ವದಳಕ್ಕೆ ಗೌರವ ದಳಪತಿಯಾಗಲು ಒಪ್ಪಿದ್ದಾರೆ. ಜೂನ್ ಹದಿನಾಲ್ಕನೆಯ ತಾರೀಖು ಶನಿವಾರ ದಳವನ್ನು ಪರಿಶೀಲಿಸಲು ಬರುತ್ತಾರೆ. ಗೌರವ ದಳಪತಿ ಎಂದರೆ ಯುದ್ಧಕ್ಕೆ ಹೋಗುವ ಹುದ್ದೆಯಲ್ಲ. ಬರುವುದು, ಸಾಲಿನ ಮುಂದೆ ನಡೆಯುವುದು, ಐವರಿಗೊಬ್ಬರಂತೆ ಮಾತಾಡಿಸುವುದು, ಊಟ ಮಾಡಿ ಹೊರಡುವುದು. ಅಶ್ವದಳವೂ ಅದಕ್ಕೆ ತಕ್ಕ ಹಾಗೇ ಇತ್ತು. ಹೆಸರಿಗೆ ಅಶ್ವ, ಎಂಬತ್ತು ವರ್ಷದಿಂದ ಎಲ್ಲರೂ ಓಡಿಸುತ್ತಿದ್ದದ್ದು ಟ್ಯಾಂಕು. ಇಡೀ ದಳಕ್ಕೆ ಉಳಿದಿದ್ದು ಒಂದೇ ಕುದುರೆ, ಎರಡು ನಗಾರಿ ಹೊತ್ತು ಮೆರವಣಿಗೆಯ ಮುಂದೆ ನಡೆಯುವ ನಗಾರಿ ಕುದುರೆ.

ಕಾಗದದ ಕೊನೆಯಲ್ಲಿ ಅಳತೆಗಳಿದ್ದವು. ರಾಜಕುಮಾರಿಯವರ ಎತ್ತರ ಐದಡಿ ನಾಲ್ಕಂಗುಲ. ಹೆಜ್ಜೆ ಇಪ್ಪತ್ತಾರು ಅಂಗುಲ. ಜೋಡಿನ ಹಿಮ್ಮಡಿ ಎರಡಂಗುಲ. ಅಗಲ ಅಂಚಿನ ಟೋಪಿ. ಎಡಗೈಯಲ್ಲಿ ಚೀಲ. ಇದನ್ನೆಲ್ಲ ಯಾಕೆ ಕಳಿಸುತ್ತಾರೆಂದರೆ, ಅರಮನೆಯವರು ಬರುವ ಮುನ್ನ ಅವರ ಬದಲಿಗೆ ಒಬ್ಬರನ್ನು ನಿಲ್ಲಿಸಿ ಮೂರು ವಾರ ಅಭ್ಯಾಸ ನಡೆಸುವುದು ಅಲ್ಲಿನ ಪದ್ಧತಿ. ಎತ್ತರ ಸರಿಹೊಂದುವ ಇಬ್ಬರು ಹುಡುಗಿಯರು ದಳದಲ್ಲಿದ್ದರು. ಆದರೆ ಅವರು ಪೆರೇಡಿನ ಸಾಲಿನಲ್ಲಿ ನಿಲ್ಲಬೇಕಾದವರು, ಮತ್ತು ತನ್ನನ್ನು ತಾನೇ ಪರಿಶೀಲಿಸಿಕೊಳ್ಳಲು ಸೈನ್ಯದ ನಿಯಮದಲ್ಲಿ ಅವಕಾಶವಿಲ್ಲ. ಸಾರ್ಜೆಂಟ್ ಮೇಜರ್ ಗ್ರಿಟನ್ ಅಳತೆಪಟ್ಟಿ ಹಿಡಿದು ಇಡೀ ಪಾಳೆಯ ಸುತ್ತಿ, ಕೊನೆಗೆ ಉಗ್ರಾಣಕ್ಕೆ ಬಂದರು.

"ಟಕೆಟ್, ನೆಟ್ಟಗೆ ನಿಲ್ಲು."

"ನಿಂತಿದ್ದೀನಲ್ಲ ಸಾರ್."

"ಇಷ್ಟೇನಾ?"

"ಇಷ್ಟೇ ಸಾರ್. ಮುಕ್ಕಾಲಿ ತರ್ಲಾ?"

"ಬೇಡ. ನೀನೀಗ ರಾಜಕುಮಾರಿ."

ಟಕೆಟ್‌ನ ಕೈಯಲ್ಲಿದ್ದ ಬಟ್ಟಲು ನೆಲಕ್ಕೆ ಬಿತ್ತು. ಮರುದಿನ ಬೆಳಗ್ಗೆ ಗ್ರಿಟನ್ ನಾನೂರು ಜನರ ಮುಂದೆ, ಪಕ್ಕದ ಜಿಲ್ಲೆಗೂ ಕೇಳುವ ತಮ್ಮ ದನಿಯಲ್ಲಿ ಅಪ್ಪಣೆ ಹೊರಡಿಸಿದರು. "ಗೇಟಿನೊಳಗೆ ಕಾಲಿಟ್ಟ ಮೇಲೆ ಇವನು ಟಕೆಟ್ ಅಲ್ಲ. ಅಮ್ಮಾವ್ರು! ಸಲಾಮು ಹೊಡೀಬೇಕು, ಅಮ್ಮಾವ್ರೇ ಅನ್ನಬೇಕು. ಯಾರಾದ್ರೂ ನಕ್ಕಿದ್ದು ಕಂಡ್ರೆ, ಆ ಹಲ್ಲನ್ನ ನಾನೇ ಎಣಿಸಿ ಕೈಗೆ ಕೊಡ್ತೀನಿ!"

ಯಾರೂ ನಗಲಿಲ್ಲ. ನಗುವ ಕೆಲಸವನ್ನು ಊರು ವಹಿಸಿಕೊಂಡಿತು.

ಟೋಪಿ ಎಲ್ಲಿಂದ ತರುವುದು? ಟಕೆಟ್‌ನ ಹೆಂಡತಿ ಡೋರೀನ್, ಆಗಸ್ಟಿನಲ್ಲಿ ತಂಗಿಯ ಮಗಳ ಮದುವೆಗೆಂದು ಗರಿ ಇಟ್ಟ ನೀಲಿ ಟೋಪಿಯೊಂದನ್ನು ಕೊಂಡು ಬೀರುವಿನಲ್ಲಿ ಇಟ್ಟಿದ್ದಳು. ಅಂಚಿನ ಅಳತೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು.

"ನನ್ನ ಟೋಪಿನ ರಾಜಕುಮಾರಿ ಹಾಕ್ಕೊಂಡ್ರೆ ಹೆಮ್ಮೆಯಿಂದ ಊರೆಲ್ಲ ಹೇಳ್ಕೊಂಡು ಬರ್ತಿದ್ದೆ," ಎಂದಳು ಡೋರೀನ್. "ನೀನು ಹಾಕ್ಕೊಂಡ್ರೆ ಏನಂತ ಹೇಳ್ಕೊಳ್ಲಿ?"

"ದೇಶಸೇವೆ ಅನ್ನು."

"ಗರಿ ಮುರೀಲಿ, ಆಮೇಲೆ ಹೇಳ್ತೀನಿ ದೇಶಸೇವೆ ಅಂದ್ರೇನು ಅಂತ."

ಟಕೆಟ್ ಅಂದಿನಿಂದ ಹಿತ್ತಲಿನ ಹುರುಳಿಕಾಯಿ ಸಾಲುಗಳ ನಡುವೆ ಟೋಪಿ, ಚೀಲ, ಹಿಮ್ಮಡಿ ಜೋಡು ಸಮೇತ ಇಪ್ಪತ್ತಾರು ಅಂಗುಲದ ಹೆಜ್ಜೆ ಹಾಕತೊಡಗಿದ. ಮೊದಲೇ ಕಾಲು ಸುಟ್ಟ ಬೆಕ್ಕಿನಂಥವನು. ಈಗ ಆ ಬೆಕ್ಕಿಗೆ ಹಿಮ್ಮಡಿ ಬೇರೆ ಸಿಕ್ಕಿತು. ಪಕ್ಕದ ಮನೆಯ ಪಿಂಚ್‌ಬೆಕ್ ಮೇಡಂ ಬೇಲಿಯ ಮೇಲಿಂದ ಇಣುಕಿದವರು ಗಿಡಕ್ಕೆ ಹಾಕುತ್ತಿದ್ದ ನೀರನ್ನು ತಮ್ಮ ಕಾಲ ಮೇಲೇ ಸುರಿದುಕೊಂಡರು. ಸಂಜೆಯೊಳಗೆ ಸುದ್ದಿ ಟಿಡ್‌ಬರಿಯ ಎರಡೂ ತುದಿ ಮುಟ್ಟಿ ವಾಪಸು ಬಂದಿತ್ತು. ಚರ್ಚಿನ ಪಾದ್ರಿಗಳು ಕೇಕಿನ ತುಂಡೊಂದನ್ನು ಹಿಡಿದು ಸಾಂತ್ವನ ಹೇಳಲು ಬಂದರು.

"ಮರ್ವಿನ್, ಚರ್ಚಿನ ಬಾಗಿಲು ಯಾವತ್ತೂ ಎಲ್ಲಾರಿಗೂ ತೆರೆದೇ ಇರತ್ತಪ್ಪ. ನೀನು ಹೇಗಿದ್ದರೂ ಸರಿ."

"ಗೊತ್ತು ಪಾದ್ರಿಗಳೇ. ಆದ್ರೆ ಈ ಜೋಡು ಹಾಕ್ಕೊಂಡು ನಿಮ್ಮ ಮೆಟ್ಟಿಲು ಹತ್ತಕ್ಕಾಗಲ್ಲ."

ಮೊದಲ ವಾರ ನಾಚಿಕೆಯಲ್ಲಿ ಹೋಯಿತು. ಎರಡನೆಯ ವಾರ ಅಮ್ಮಾವ್ರ ಪಟ್ಟ ಟಕೆಟ್‌ಗೆ ಹಿಡಿಸತೊಡಗಿತು. ಹಿಡಿಸದೆ ಏನು? ಇಪ್ಪತ್ತೊಂದು ವರ್ಷ "ಟಕೆಟ್, ಚಮಚ ಎಲ್ಲಿ?" ಎಂದು ಕೂಗುತ್ತಿದ್ದವರೇ ಈಗ ಅವನು ಬಂದರೆ ಹಿಮ್ಮಡಿ ತಾಡಿಸಿ ನಿಲ್ಲುತ್ತಿದ್ದರು. ಮೂರು ಮಾತು ಬರೆದ ಚೀಟಿಯೊಂದನ್ನು ಅವನಿಗೆ ಕೊಟ್ಟಿದ್ದರು: "ತುಂಬ ದೂರದಿಂದ ಬಂದ್ರಾ?" "ಇಲ್ಲಿ ಏನು ಕೆಲಸ ಮಾಡ್ತೀರಿ?" "ಓ, ಹೌದಾ?" ಈ ಮೂರರಲ್ಲೇ ಒಂದು ಸಾಮ್ರಾಜ್ಯ ನಡೆದುಹೋಯಿತಲ್ಲ ಎಂದು ಅವನಿಗೆ ಬೆರಗು. ಮನೆಯಲ್ಲೂ ಅದೇ ರೂಢಿಯಾಯಿತು. ಡೋರೀನ್ ಸೊಂಟ ನೋವು ಎಂದರೆ "ಓ, ಹೌದಾ?" ಎನ್ನುತ್ತಿದ್ದ. ಅಂಚೆಯವಳು ಬಂದರೆ ಕಿಟಕಿಯಿಂದ ಮುಂಗೈ ಮಾತ್ರ ಆಡಿಸುತ್ತಿದ್ದ.

"ಕೈ ಬೀಸಿದ್ದು ಸಾಕು ಅಮ್ಮಾವ್ರೇ," ಎನ್ನುತ್ತಿದ್ದಳು ಡೋರೀನ್. "ಕಸದ ಡಬ್ಬಿ ಆಚೆ ಇಡು."

ಈಗ ಕುದುರೆಯ ವಿಷಯ. ದಫ್ತರದಲ್ಲಿ ಅದರ ಹೆಸರು ಅಜಾಕ್ಸ್. ಊರಿಗೆಲ್ಲ ಅದು ಪುಡಿಂಗ್. ಬೂದು ಬಣ್ಣದ ದೈತ್ಯ, ಗೊರಸಿನ ಸುತ್ತ ಜೊಂಪೆ ಕೂದಲು, ಹತ್ತೊಂಬತ್ತು ವರ್ಷ ಪ್ರಾಯ. ಟಕೆಟ್‌ನ ಹಿತ್ತಲು ಮುಗಿಯುವ ಕಲ್ಲಿನ ಗೋಡೆಯ ಆಚೆಗೇ ಅದರ ಲಾಯ. ಒಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಟಕೆಟ್ ಗೋಡೆಯ ಮೇಲಿಂದ ಒಂದು ಪೆಪ್ಪರ್‌ಮಿಂಟ್ ಕೊಡುವುದು, ಅದು ಅವನ ಕಿವಿಗೆ ಬಿಸಿ ಉಸಿರು ಬಿಡುವುದು ನಡೆದುಬಂದಿತ್ತು. ಮಕ್ಕಳಿಲ್ಲದ ಆ ಮನುಷ್ಯನಿಗೆ ಪುಡಿಂಗ್ ಎಂದರೆ ಪ್ರಾಣ. ಅಂಥ ಪುಡಿಂಗನ್ನು ಪೆರೇಡು ಮುಗಿದ ಸೋಮವಾರವೇ ದೂರದ ಸ್ಕಾಟ್ಲೆಂಡಿನ ಯಾವುದೋ ಹುಲ್ಲುಗಾವಲಿಗೆ ಸಾಗಿಸಿ, ಲಾಯ ಕೆಡವಿ, ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಮೇಲಿನಿಂದ ತೀರ್ಮಾನವಾಗಿತ್ತು. ಟಕೆಟ್‌ಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಹಗಲು ಕೂರಲಾಗುತ್ತಿರಲಿಲ್ಲ. ಯಾರಿಗೆ ಹೇಳುವುದು? ಉಗ್ರಾಣದವನ ಮಾತು ಯಾರು ಕೇಳುತ್ತಾರೆ?

ಉಗ್ರಾಣದವನ ಮಾತು ಯಾರೂ ಕೇಳುವುದಿಲ್ಲ ನಿಜ. ಆದರೆ ಅಮ್ಮಾವ್ರ ಮಾತು?

ಆ ದಳದಲ್ಲೊಂದು ವಿಚಿತ್ರ ಪದ್ಧತಿ. ಹೊಸ ಗೌರವ ದಳಪತಿ ಮೊದಲ ಸಲ ಬಂದಾಗ ನಗಾರಿ ಕುದುರೆಯ ಮುಂದೆ ನಿಲ್ಲಬೇಕು. ಕರ್ನಲ್ಲು "ಕುದುರೆಗೇನು ಅಪ್ಪಣೆ?" ಎಂದು ಕೇಳಬೇಕು. ದಳಪತಿ ಹೇಳಿದ್ದನ್ನು ಕುದುರೆ ಪುಸ್ತಕವೆಂಬ ಹಳೆಯ ಚರ್ಮದ ಪುಸ್ತಕದಲ್ಲಿ ಬರೆದು ನಡೆಸಿಕೊಡಬೇಕು. ಇನ್ನೂರು ವರ್ಷದಲ್ಲಿ ಆ ಪುಸ್ತಕದ ಒಂದು ಅಕ್ಷರವನ್ನೂ ಯಾರೂ ಹೊಡೆದುಹಾಕಿದ್ದಿಲ್ಲ. ಸಾಮಾನ್ಯವಾಗಿ ಎಲ್ಲರೂ ಹೇಳುವುದು "ಇನ್ನೊಂದು ಹಿಡಿ ಓಟ್ಸ್" ಎಂದು. ಹಿಂದೊಬ್ಬ ರಾಜಕುಮಾರ ತಮಾಷೆಗೆ "ನನ್ನ ಕುರ್ಚಿ ಕೊಡಿ" ಎಂದಿದ್ದಕ್ಕೆ ಲಾಯದಲ್ಲಿ ಇವತ್ತಿಗೂ ಒಂದು ಮಖಮಲ್ಲಿನ ಕುರ್ಚಿಯಿದೆ. ಯಾವ ಕುದುರೆಯೂ ಅದರ ಮೇಲೆ ಕೂತ ದಾಖಲೆ ಇಲ್ಲ.

ಎರಡನೆಯ ವಾರದ ಬುಧವಾರ ಕುದುರೆಯ ಮುಂದಿನ ಅಭ್ಯಾಸ. ಕರ್ನಲ್ಲು ಲಂಡನ್ನಿಗೆ ಹೋಗಿದ್ದರಿಂದ ಅವರ ಬದಲಿಗೆ ಗ್ರಿಟನ್. ಚೀಲಕ್ಕೆ ಭಾರ ಬೇಕೆಂದು ಟಕೆಟ್ ಅದರ ತುಂಬ ಪೆಪ್ಪರ್‌ಮಿಂಟ್ ತುಂಬಿದ್ದ. ಪುಡಿಂಗ್ ಆ ಚೀಲವನ್ನು ನೋಡಿದ್ದೇ ತಡ, ಮೂಗು ತೂರಿಸಿ ಬಾಯಿ ತುಂಬಿಸಿಕೊಂಡಿತು.

"ಕುದುರೆಗೇನು ಅಪ್ಪಣೆ, ಅಮ್ಮಾವ್ರೇ?" ಎಂದು ಗ್ರಿಟನ್ ಗುಡುಗಿದರು.

ಟಕೆಟ್ ಚೀಟಿ ತಿರುಗಿಸಿ ನೋಡಿದ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. "ಇದರಲ್ಲಿ ಬರೆದಿಲ್ಲ ಸಾರ್."

"ಅರಮನೆಯಿಂದ ಇನ್ನೂ ಬಂದಿಲ್ಲ. ಬಾಯಿಗೆ ಬಂದಿದ್ದು ಹೇಳಿ ಅಮ್ಮಾವ್ರೇ! ಲೆಫ್ಟಿನೆಂಟ್ ಬಾರ್ನ್‌ಬಿ ಬರ್ಕೊಳ್ಳೋದನ್ನ ಅಭ್ಯಾಸ ಮಾಡ್ಬೇಕು!"

ಟಕೆಟ್‌ನ ಬಾಯಿಗೆ ಬಂದದ್ದು ಒಂದೇ. "ಇವನು ಇಲ್ಲೇ ಇರ್ಲಿ," ಎಂದ. "ಇಲ್ಲಿ ಇವನಿಗೆ ಎಲ್ಲಾರೂ ಗೊತ್ತು."

ಬಾರ್ನ್‌ಬಿ ಬರೆದುಕೊಂಡ. ಇಪ್ಪತ್ತಮೂರು ವರ್ಷದ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಅಪಾಯಕಾರಿ ತಳಿಯ ಅಧಿಕಾರಿ. ದುಂಡಗಿನ ಅಕ್ಷರದಲ್ಲಿ, ಕಪ್ಪು ಶಾಯಿಯಲ್ಲಿ, ತಾರೀಖು ಹಾಕಿ, ನಿಜವಾದ ಕುದುರೆ ಪುಸ್ತಕದಲ್ಲಿ ಬರೆದ. ಆಮೇಲೆ ಅದರ ನಕಲನ್ನು ನಿಯಮದಂತೆ ಸರಬರಾಜು ಕಚೇರಿಗೆ ಕಳಿಸಿದ. ಸರಬರಾಜು ಕಚೇರಿ, ಗೌರವ ದಳಪತಿಯ ಅಪ್ಪಣೆ ಎಂದು ಎದ್ದು ನಿಂತು ಓದಿ, ಸ್ಕಾಟ್ಲೆಂಡಿಗೆ ಹೋಗಬೇಕಿದ್ದ ಲಾರಿಯನ್ನು ರದ್ದು ಮಾಡಿತು. ಲಾಯ ಕೆಡವುವ ಮುನ್ನ ಅಳತೆ ತೆಗೆಯಲು ಬಂದಿದ್ದ ಕೂಲಿಯವರು ಚಹಾ ಕುಡಿದು ವಾಪಸು ಹೋದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟಿಡ್‌ಬರಿಯಲ್ಲಿ ಮಾತ್ರ ಆಡಿದ ಮಾತು ಹೋಗದೆ ಮನೆಮನೆಗೆ ಬಂತು. ಟಕೆಟ್ ಹೇಳಿದ್ದು ಪುಸ್ತಕಕ್ಕೇರುತ್ತದಂತೆ, ಪುಸ್ತಕಕ್ಕೇರಿದ್ದು ನಡೆದುಬಿಡುತ್ತದಂತೆ! ಗುರುವಾರ ಸಂಜೆ ಪಿಂಚ್‌ಬೆಕ್ ಮೇಡಂ ಒಂದು ತಟ್ಟೆ ಬಿಸಿ ಸ್ಕೋನು ಬನ್ನು, ಜಾಮು ಹಿಡಿದು ಬಾಗಿಲಿಗೆ ಬಂದು, ಒಂದು ಮೊಣಕಾಲು ಸ್ವಲ್ಪ ಬಗ್ಗಿಸಿ ನಿಂತರು.

"ಮೊಣಕಾಲು ನೋವಾ ಮೇಡಂ?" ಎಂದಳು ಡೋರೀನ್.

"ಇಲ್ಲಮ್ಮ, ಮರ್ಯಾದೆ. ಟಕೆಟ್ ಅವ್ರೇ, ಆ ಕಹಳೆ ಊದೋ ಹುಡುಗನ್ನ ನನ್ನ ಕಿಟಕಿ ಬುಡದಿಂದ ಎತ್ತಿ ಆ ಕಡೆ ಗೇಟಿಗೆ ಹಾಕ್ಸಿ. ಬೆಳಗ್ಗೆ ಆರಕ್ಕೆ ಎದೆ ಒಡೆದುಹೋಗತ್ತೆ."

"ಮೇಡಂ, ನಾನು ಅವರಲ್ಲ! ಬರೀ ಅವರ ಅಳತೆ!"

"ಎಷ್ಟು ವಿನಯ ನೋಡು ಡೋರೀನ್. ದೊಡ್ಡೋರೆಲ್ಲ ಹೀಗೇ ಅನ್ನೋದು."

ಹಿಂದೆಯೇ ಪಾದ್ರಿಗಳು ಬಂದರು; ಟ್ಯಾಂಕು ಓಡಾಡಿ ಚರ್ಚಿನ ಗಂಟೆ ತಾನೇ ಬಾರಿಸುತ್ತದಂತೆ. ಮಾಂಸದಂಗಡಿಯವನು ಬಂದ. ಹಿತ್ತಲ ಬಾಗಿಲಿನಿಂದ ಓಡಿಹೋಗಲು ನೋಡಿದರೆ ಅಲ್ಲಿ ಹೆಂಗಸರ ಸಂಘದ ಐದು ಜನ ಅರ್ಜಿ ಹಿಡಿದು ಹುರುಳಿಕಾಯಿ ಸಾಲಿನಲ್ಲಿ ನಿಂತಿದ್ದರು. ಟಕೆಟ್ ಯಾರಿಗೂ ಏನೂ ಒಪ್ಪಿಕೊಳ್ಳಲಿಲ್ಲ. ಗಾಬರಿಯಲ್ಲಿ ಎಲ್ಲರಿಗೂ "ಓ, ಹೌದಾ?" ಎಂದಷ್ಟೇ ಹೇಳಿದ. ಅರಮನೆಯ ಭಾಷೆಯಲ್ಲಿ ಅದು ಒಪ್ಪಿಗೆ ಎಂದು ಎಲ್ಲರೂ ಸಂತೋಷದಿಂದ ಮನೆಗೆ ಹೋದರು.

ಶುಕ್ರವಾರ ಕರ್ನಲ್ ಸ್ಟ್ರಾನ್‌ವೇ ಲಂಡನ್ನಿನಿಂದ ಬಂದರು. ಮೇಜಿನ ಮೇಲೆ ಸ್ಕಾಟ್ಲೆಂಡಿನ ಲಾರಿ ರದ್ದಾದ ಕಾಗದ ಕಾದಿತ್ತು.

"ಯಾರು ನಿಲ್ಲಿಸಿದ್ದು?"

"ಅಮ್ಮಾವ್ರು, ಸಾರ್," ಎಂದ ಬಾರ್ನ್‌ಬಿ.

"ಯಾವ ಅಮ್ಮಾವ್ರು?"

"ಟಕೆಟ್ ಅಮ್ಮಾವ್ರು, ಸಾರ್."

ಕರ್ನಲ್ಲು ಪುಸ್ತಕ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದರು. ಅಕ್ಷರ ಅಲ್ಲೇ ಇತ್ತು. "ಅಭ್ಯಾಸಕ್ಕೆ ಬೇರೆ ಪುಸ್ತಕ ಇಟ್ಕೋಬೇಕು ಅಂತ ನಿಂಗೆ ಹೊಳೀಲಿಲ್ವೇನಯ್ಯ?"

"ಯಾರೂ ಹೇಳ್ಲಿಲ್ಲ ಸಾರ್."

"ಇನ್ನೂರು ವರ್ಷದಿಂದ ಒಂದು ಗೆರೆ ಎಳೆದಿಲ್ಲ ಇದರಲ್ಲಿ. ಹೊಡೆದುಹಾಕಿದ್ರೆ ದಳಕ್ಕೆ ಅವಮಾನ. ಬಿಟ್ರೆ, ಚಮಚ ಎಣಿಸೋನು ಸೈನ್ಯಕ್ಕೆ ಅಪ್ಪಣೆ ಕೊಟ್ಟ ಅಂತ ದೇಶವೆಲ್ಲ ನಗತ್ತೆ!" ಕರ್ನಲ್ಲು ಅಡಕತ್ತರಿಗೆ ಸಿಕ್ಕ ಅಡಕೆಯಾದರು. ರಾಜಕುಮಾರಿಯವರು ಅದೇ ಮಾತನ್ನು ಹೇಳಬಹುದೇ ಎಂದು ಅರಮನೆಗೆ ಬಹಳ ನಯವಾಗಿ ಬರೆದು ಕೇಳಿದರು. ಮರುದಿನವೇ ಉತ್ತರ ಬಂತು: ರಾಜಕುಮಾರಿಯವರು ತಮ್ಮ ಅಜ್ಜನಂತೆಯೇ "ಇನ್ನೊಂದು ಹಿಡಿ ಓಟ್ಸ್" ಎನ್ನುತ್ತಾರೆ. ಬದಲಾವಣೆ ಸಾಧ್ಯವಿಲ್ಲ.

ಟಕೆಟ್‌ನನ್ನು ಕರೆಸಿದರು. ಅವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತ.

"ಕೇಳು ಟಕೆಟ್. ಅವರು ಓಟ್ಸ್ ಅಂತಾರೆ. ಅಂದಮೇಲೆ ನಿನ್ನ ಸಾಲಿನ ಮೇಲೆ ಗೆರೆ ಎಳೀತೀನಿ, ಇನ್ನೂರು ವರ್ಷದ ಮೊದಲ ಗೆರೆ. ಸೋಮವಾರ ಕುದುರೆ ಹೊರಡತ್ತೆ. ಅದರ ಹಿಂದೇನೇ ನೀನೂ ಕೆಲಸ ಬಿಟ್ಟು ಹೊರಡು. ಶನಿವಾರ ಕೊನೇ ಸಾಲಿನ ಕೊನೇಲಿ, ಅಡುಗೆಯವರ ಹಿಂದೆ ನಿಂತ್ಕೋ. ಬಾಯಿ ಮುಚ್ಕೊಂಡಿರು."

"ಸರಿ ಸಾರ್," ಎಂದ ಟಕೆಟ್. "ಆದ್ರೆ ಸಾರ್, ಅದಕ್ಕೆ ಸ್ಕಾಟ್ಲೆಂಡಲ್ಲಿ ಯಾರೂ ಗೊತ್ತಿಲ್ಲ."

ಕರ್ನಲ್ಲು ಪುಸ್ತಕ ಮುಚ್ಚಿ ಬಾಗಿಲು ತೋರಿಸಿದರು.

ಶನಿವಾರ ಬಿಸಿಲೂ ಬಂತು, ರಾಜಕುಮಾರಿಯೂ ಬಂದರು. ಡೋರೀನ್ ತನ್ನ ಟೋಪಿಯನ್ನು ವಾಪಸು ವಶಪಡಿಸಿಕೊಂಡು, ಬಗ್ಗಿದ ಗರಿಗೆ ಇಸ್ತ್ರಿ ಮಾಡಿ, ಪಿಂಚ್‌ಬೆಕ್ ಮೇಡಂ ಪಕ್ಕ ಹಗ್ಗದ ಆಚೆ ನಿಂತಿದ್ದಳು. ಟಕೆಟ್ ಅಡುಗೆಯವರ ಹಿಂದೆ ಅಡಗಿದ್ದ. ಕೋಟಿನ ಜೇಬಿನಲ್ಲಿ ಪುಡಿಂಗ್‌ಗೆ ಕೊನೆಯದಾಗಿ ಕೊಡಲೆಂದು ತಂದ ಪೆಪ್ಪರ್‌ಮಿಂಟ್ ಪೊಟ್ಟಣವಿತ್ತು. ಅದನ್ನು ತೆಗೆಯುವುದು, ಇಡುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದ. ಮುಂದೆ ರಾಜಕುಮಾರಿ ನಡೆಯುತ್ತಿದ್ದರು. ಹೆಜ್ಜೆ ಇಪ್ಪತ್ತಾರೇ ಅಂಗುಲ. "ಸ್ವಲ್ಪ ಎಡಗಾಲು ಎಳೀತಾರೆ," ಎಂದು ಟಕೆಟ್ ಅಡುಗೆಯವನ ಬೆನ್ನಿಗೆ ಹೇಳಿದ. "ಜೋಡು ಕಚ್ತಿರ್ಬೇಕು, ನಂಗೂ ಹಾಗೇ ಆಗಿತ್ತು."

ರಾಜಕುಮಾರಿ ನಗಾರಿ ಕುದುರೆಯ ಮುಂದೆ ನಿಂತು ಸೇಬು ಚಾಚಿದರು. ಪುಡಿಂಗ್ ಸೇಬನ್ನು ಮೂಸಿತು. ಅವರ ಚೀಲವನ್ನು ಮೂಸಿತು. ಅಮ್ಮಾವ್ರ ವಾಸನೆ ಇದಲ್ಲ ಎಂದು ತಲೆ ಎತ್ತಿ, ಗಾಳಿಯನ್ನೊಮ್ಮೆ ಎಳೆದುಕೊಂಡು, ಹೊರಟೇಬಿಟ್ಟಿತು. ನಗಾರಿ ಕುದುರೆಯ ಲಗಾಮು ಸವಾರನ ಕಾಲಿಗೆ ಕಟ್ಟಿರುತ್ತದೆ, ಕೈ ಎರಡೂ ನಗಾರಿಗೆ. ಕಾರ್ಪೊರಲ್ ಮಡ್ಜ್ ಕಾಲಿನಿಂದ ಎಳೆದ, ಒದ್ದ, ಬೇಡಿಕೊಂಡ. ನಿಲ್ಲಿಸು ಎಂದು ಯಾರೂ ಹೇಳದಿದ್ದರಿಂದ ನಗಾರಿ ಬಾರಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮೈದಾನದ ಅಡ್ಡಕ್ಕೆ, ಮೂರು ಸಾಲು ಸೈನಿಕರನ್ನು ಸೀಳಿಕೊಂಡು, ಅಡುಗೆಯವರನ್ನು ಎರಡು ಭಾಗ ಮಾಡಿ, ಢಂ ಢಂ ಎಂದು ಸದ್ದು ಮಾಡುತ್ತ ಪುಡಿಂಗ್ ಬಂದು ಟಕೆಟ್‌ನ ಜೇಬಿಗೆ ಮೂತಿ ಇಟ್ಟಿತು. ಹಿಂದೆ ರಾಜಕುಮಾರಿ. ಅವರ ಹಿಂದೆ ಪುಸ್ತಕ ಹಿಡಿದು ಓಡಿಬರುತ್ತಿದ್ದ ಬಾರ್ನ್‌ಬಿ. ಅವನ ಹಿಂದೆ ಮುಖ ಬಿಳಿಚಿಕೊಂಡ ಕರ್ನಲ್ಲು.

ರಾಜಕುಮಾರಿ ಟಕೆಟ್‌ನ ಎದುರು ನಿಂತರು. ಕಣ್ಣಿಗೆ ಕಣ್ಣು ಹೆಚ್ಚುಕಡಿಮೆ ಸಮಕ್ಕೆ ಬಂತು. ಅವರು ಬಾಯಿ ತೆರೆಯುವುದರೊಳಗೆ ಮೂರು ವಾರದ ಅಭ್ಯಾಸ ಟಕೆಟ್‌ನ ಬಾಯಿಂದ ಹಾರಿಬಂತು.

"ತುಂಬ ದೂರದಿಂದ ಬಂದ್ರಾ?"

ಗ್ರಿಟನ್ ಕಣ್ಣು ಮುಚ್ಚಿಕೊಂಡರು. ಹುಟ್ಟಿದಾಗಿನಿಂದ ಆ ಪ್ರಶ್ನೆಯನ್ನು ರಾಜಕುಮಾರಿ ಊರೂರಲ್ಲಿ ಕೇಳಿದ್ದರೇ ಹೊರತು, ಅವರನ್ನು ಯಾರೂ ಕೇಳಿರಲಿಲ್ಲ.

"ಹೌದು ಕಣ್ರೀ," ಎಂದರು. "ಬೆಳಗ್ಗೆ ಐದಕ್ಕೇ ಎದ್ದೆ. ತಿಂಡಿ ತಿನ್ನಕ್ಕೆ ಬಿಡ್ಲಿಲ್ಲ. ಈ ಜೋಡು ಬೇರೆ ಕಚ್ತಿದೆ."

"ಓ, ಹೌದಾ? ಇಲ್ಲಿ ಏನು ಕೆಲಸ ಮಾಡ್ತೀರಿ?"

"ಅದೇ ನಂಗೂ ಸರಿಯಾಗಿ ಗೊತ್ತಿಲ್ಲ," ಎಂದ ರಾಜಕುಮಾರಿಗೆ ನಗು ತಡೆಯಲಾಗಲಿಲ್ಲ. "ನೀವೇನು ಮಾಡ್ತೀರಿ?"

"ನಾನು ನೀವು, ಅಮ್ಮಾವ್ರೇ. ಮೂರು ವಾರದಿಂದ."

"ನಾನಾ? ಹೇಗಿತ್ತು ನಾನಾಗಿರೋದು?"

"ಕಾಲು ನೋವು. ಯಾರೂ ನಿಜ ಹೇಳಲ್ಲ. ಸಲಾಮು ಮಾತ್ರ ಚೆನ್ನಾಗಿರತ್ತೆ." ಟಕೆಟ್ ದನಿ ತಗ್ಗಿಸಿದ. "ಒಂದು ತಪ್ಪು ಮಾಡ್ಬಿಟ್ಟೆ. ನಿಮ್ಮ ಹೆಸರಲ್ಲಿ ಒಂದು ಅಪ್ಪಣೆ ಕೊಟ್ಬಿಟ್ಟೆ. ಇವನನ್ನ ಸೋಮವಾರ ಕಳಿಸ್ತಾರೆ, ಬೇಡ ಅಂದೆ. ಪುಸ್ತಕದಲ್ಲಿ ಬರೆದೂಬಿಟ್ರು."

ಅಷ್ಟರಲ್ಲಿ ಕರ್ನಲ್ಲು ಏದುಸಿರು ಬಿಡುತ್ತ ಬಂದು ಮುಟ್ಟಿದರು. ಏನೇ ಆಗಲಿ, ಪದ್ಧತಿ ಪದ್ಧತಿಯೇ. ಟೋಪಿ ಸರಿಮಾಡಿಕೊಂಡು ಕೇಳಿಯೇಬಿಟ್ಟರು. "ಕುದುರೆಗೇನು ಅಪ್ಪಣೆ, ಅಮ್ಮಾವ್ರೇ?"

ರಾಜಕುಮಾರಿಯ ಪರಿಚಾರಿಕೆ ಓಟ್ಸ್ ಎಂದು ಬರೆದ ಚೀಟಿಯನ್ನು ಮುಂದೆ ಹಿಡಿದಳು. ರಾಜಕುಮಾರಿ ಅದನ್ನು ನೋಡಿದರು. ಟಕೆಟ್‌ನ ಭುಜದ ಮೇಲೆ ತಲೆಯಿಟ್ಟು ಕಣ್ಣು ಅರೆಮುಚ್ಚಿದ್ದ ಪುಡಿಂಗನ್ನು ನೋಡಿದರು. ಆ ಕುದುರೆಯ ಕಿವಿಯನ್ನು ಸುಮ್ಮನೆ ಸವರುತ್ತ, ಕಣ್ಣೀರು ಕಾಣಿಸಬಾರದೆಂದು ಆಕಾಶ ನೋಡುತ್ತಿದ್ದ ಮನುಷ್ಯನನ್ನು ನೋಡಿದರು.

"ನಾನು ಆಗ್ಲೇ ಹೇಳಿದ್ದೀನಲ್ಲ ಕರ್ನಲ್," ಎಂದರು. "ಪುಸ್ತಕದಲ್ಲಿ ಬರ್ಕೊಂಡಿಲ್ವಾ?"

ಬಾರ್ನ್‌ಬಿ ಪುಟ ತೆರೆದು ಹಿಡಿದ. ರಾಜಕುಮಾರಿ ಓದಿ, ಅವನ ಕೈಯಿಂದಲೇ ಲೇಖನಿ ತೆಗೆದುಕೊಂಡು ಕೆಳಗೆ ಸಹಿ ಮಾಡಿದರು.

"ಆದ್ರೆ ಅಮ್ಮಾವ್ರೇ," ಎಂದು ಕರ್ನಲ್ಲು ತೊದಲಿದರು, "ತಾರೀಖು ಹತ್ತು ದಿನ ಹಿಂದಿನದು."

"ನಾನು ಸ್ವಲ್ಪ ಬೇಗ ಬಂದಿದ್ದೆ ಅಂತ ಇಟ್ಕೊಳ್ಳಿ."

ಹಗ್ಗದ ಆಚೆ ಪಿಂಚ್‌ಬೆಕ್ ಮೇಡಂ "ಕಹಳೆ! ಕಹಳೆ ವಿಷಯ ಹೇಳಿ!" ಎಂದು ಕೂಗುತ್ತಿದ್ದರು. ಡೋರೀನ್ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಗರಿ ಕೊನೆಗೂ ಮುರಿಯಿತು, ಮುರಿದದ್ದು ಅವಳ ಕೈಯಲ್ಲೇ.

ಅಂದು ಸಂಜೆ ಟಕೆಟ್ ಕುರ್ಚಿಯಲ್ಲಿ ಕೂತ. ಎದ್ದ. ಮತ್ತೆ ಕೂತ. ಕಿಟಕಿಯಿಂದ ಯಾರಿಗೋ ಮುಂಗೈ ಆಡಿಸಿದ.

"ಅಮ್ಮಾವ್ರೇ," ಎಂದಳು ಡೋರೀನ್ ಒಳಗಿನಿಂದ.

"ಏನು?"

"ಕಸದ ಡಬ್ಬಿ."

ಟಕೆಟ್ ಡಬ್ಬಿ ಎತ್ತಿಕೊಂಡು ಇಪ್ಪತ್ತಾರು ಅಂಗುಲದ ಹೆಜ್ಜೆ ಹಾಕುತ್ತ ಹಿತ್ತಲಿಗೆ ನಡೆದ. ಗೋಡೆಯ ಮೇಲಿಂದ ಬೂದು ಬಣ್ಣದ ಮೂತಿಯೊಂದು ಬಂದು ಅವನ ಕಿವಿಗೆ ಬಿಸಿ ಉಸಿರು ಬಿಟ್ಟಿತು. ಡಬ್ಬಿಯನ್ನು ಅಲ್ಲೇ ಕೆಳಗಿಟ್ಟ. ಎಷ್ಟೋ ವರ್ಷದಲ್ಲಿ ಮೊದಲ ಸಲ ಅವನು ಅಲುಗಾಡದೆ ಒಂದೇ ಕಡೆ ನಿಂತ.